ನ್ಯಾಯಮೂರ್ತಿ ವಿಲಿಯಂ ಡಗ್ಲಸ್

ಅಮೆರಿಕದ ಸರ್ವೋಚ್ಚ ನ್ಯಾಯಾಲಯದಲ್ಲಿ 36 ವರ್ಷಗಳಿಗೂ ಮಿಗಿಲಾಗಿ ನ್ಯಾಯ ಹೇಳಿದ ವಿಲಿಯಂ ಡಗ್ಲಸರು 1898ರಲ್ಲಿ ಮಿನ್ನೆಸೋಟ ಪ್ರಾಂತದಲ್ಲಿ ಹುಟ್ಟಿದರು. ಐದರ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಕ್ಕಳನ್ನು ಕಟ್ಟಿಕೊಂಡು ಪಶ್ಚಿಮದ ಯಾಕಿಮಾ ಊರಿನಲ್ಲಿ ನೆಲೆಸಿದರು. ಶೈಶವದ ಕಾಯಿಲೆಯಿಂದ ಸೋತಿದ್ದ ಕಾಲುಗಳಿಗೆ ಬಲ ಬರಲೆಂದು ಬಾಲಕ ಡಗ್ಲಸರು ಊರ ಹೊರಗಿನ ಗುಡ್ಡಗಳನ್ನು ಹತ್ತತೊಡಗಿದರು. ಆ ಹವ್ಯಾಸ ಕೊನೆಯವರೆಗೂ ಬಿಡಲಿಲ್ಲ. ಮುಂದಿನ ಓದು, ಅಧ್ಯಾಪಕ ವೃತ್ತಿ, 1939ರಲ್ಲಿ ದೊರೆತ ನ್ಯಾಯಪೀಠ ಇವುಗಳ ವಿವರ ವಿಶ್ವಕೋಶದಲ್ಲಿ ಸಿಕ್ಕೀತು. ನನ್ನ ಮನಸ್ಸನ್ನು ಹಿಡಿದದ್ದು ಅವರು 1967ರಲ್ಲಿ ಬರೆದ ಒಂದು ತೀರ್ಪು.

ಸ್ನೇಕ್ ನದಿಯ ಆಳವಾದ ಕಣಿವೆಯಲ್ಲಿ, ಸಾಲ್ಮನ್ ನದಿ ಬಂದು ಕೂಡುವ ಸ್ಥಳಕ್ಕಿಂತ ತುಸು ಮೇಲೆ, ಜಲವಿದ್ಯುತ್ತಿಗಾಗಿ ಅಣೆಕಟ್ಟು ಕಟ್ಟಲು ಖಾಸಗಿ ಕಂಪೆನಿಯೊಂದೂ ಸಾರ್ವಜನಿಕ ಸಂಸ್ಥೆಯೊಂದೂ ಲೈಸೆನ್ಸ್ ಕೇಳಿದ್ದವು. ಸರ್ಕಾರವೇ ಕಟ್ಟಬೇಕೆಂಬುದು ಮಂತ್ರಿ ಯುಡಾಲರ ವಾದ. ವಿದ್ಯುತ್ ಆಯೋಗವು 1964ರಲ್ಲಿ ಕಂಪೆನಿಗೆ ಲೈಸೆನ್ಸ್ ಕೊಟ್ಟಿತು. ವ್ಯಾಜ್ಯವು ಮುಖ್ಯವಾಗಿ ಯಾರು ಕಟ್ಟಬೇಕೆಂಬುದರ ಮೇಲೆ ನಡೆದಿತ್ತು. ಕಟ್ಟಲೇಬೇಕೇ ಎಂಬುದು ಡಗ್ಲಸರು ಎತ್ತಿದ ಪ್ರಶ್ನೆ.

ಸಾಲ್ಮನ್ ಮೀನು ಹುಟ್ಟುವುದು ತೊರೆಯಲ್ಲಿ, ಬೆಳೆಯುವುದು ಕಡಲಿನಲ್ಲಿ, ಮೊಟ್ಟೆಯಿಡಲು ಮರಳುವುದು ಹುಟ್ಟಿದ ತೊರೆಗೇ. ಏರಿ ಬರುವ ಮೀನಿಗೆ ಅಣೆಕಟ್ಟಿನ ಪಕ್ಕದಲ್ಲಿ ಮೆಟ್ಟಿಲು ಮಾಡಿಕೊಡಬಹುದು. ಕಡಲಿಗಿಳಿಯುವ ಮರಿಗಳ ಗತಿಯೇನು? ಜಲಾಶಯದ ನಿಂತ ನೀರಿನಲ್ಲಿ ಅವು ದಾರಿ ತಪ್ಪುತ್ತವೆ, ಯಂತ್ರದ ಚಕ್ರಗಳಿಗೆ ಸಿಕ್ಕಿ ಸಾಯುತ್ತವೆ. ಆದ್ದರಿಂದ ಲೈಸೆನ್ಸಿಗೆ ಮುನ್ನ ಮುಂದಿನ ವಿದ್ಯುತ್ತಿನ ಬೇಡಿಕೆ, ಅದನ್ನು ಪೂರೈಸುವ ಅನ್ಯಮಾರ್ಗಗಳು, ಮೀನು, ವನ್ಯಮೃಗ, ನದಿಯನ್ನು ಹರಿಯಲು ಬಿಡುವುದರ ಲಾಭ ಇವೆಲ್ಲವನ್ನೂ ವಿಚಾರಿಸಲೇಬೇಕೆಂದು ತೀರ್ಪಿತ್ತು, ಮೊಕದ್ದಮೆಯನ್ನು ಆಯೋಗಕ್ಕೇ ಹಿಂದಿರುಗಿಸಿದರು.

ಹಡ್ಸನ್ ನದಿಯ ಯೋಜನೆಯೊಂದರಲ್ಲಿ 1965ರಲ್ಲೇ ಕೆಳಗಿನ ನ್ಯಾಯಾಲಯವೊಂದು ಇಂಥದೇ ದಾರಿ ಹಿಡಿದಿತ್ತು. ಕೀರ್ತಿಯೆಲ್ಲ ಡಗ್ಲಸರದೇ ಎನ್ನುವುದು ಸಲ್ಲದು. ಪರಿಸರದ ಮೇಲಾಗುವ ಪರಿಣಾಮದ ವರದಿ ಕಡ್ಡಾಯವಾದದ್ದಾದರೋ 1970ರ ಜನವರಿ 1ರಂದು ಅಂಕಿತವಾದ ಕಾಯಿದೆಯಿಂದ. ಬೆಟ್ಟ ಹತ್ತುವ ತಮ್ಮ ಒಲವನ್ನು ಅವರು ತೀರ್ಪಿಗೆ ಬೆರೆಸಿದರೆಂದು ಆಕ್ಷೇಪಿಸಬಹುದು. ಶರಾವತಿಯ ವಿದ್ಯುದ್ದೀಪದಡಿ ಓದುವ ನಾನೂ ಅಣೆಕಟ್ಟುಗಳನ್ನು ಹಳಿಯಲಾರೆ. ಆದರೆ ಡಗ್ಲಸರು ಅಣೆಕಟ್ಟು ಬೇಡವೆಂದು ತೀರ್ಮಾನಿಸಲಿಲ್ಲ, ವಿಚಾರಿಸದೆ ಬೇಡವೆಂದರು. ಈ ಭೇದವನ್ನು ಅವರ ಟೀಕಾಕಾರರು ಮರೆಯಬಾರದು.

ಪಾರ್ಶ್ವವಾಯುವಿನಿಂದ ಬಳಲಿ 1975ರ ನವೆಂಬರಿನಲ್ಲಿ ಪದವಿಯನ್ನು ಬಿಟ್ಟರು. ಆ ಕಣಿವೆಯಲ್ಲಿ ಅಣೆಕಟ್ಟಿಗೆ ಲೈಸೆನ್ಸ್ ಕೊಡಕೂಡದೆಂಬ ಶಾಸನವಾದದ್ದು ಅದೇ ವರ್ಷದ ಡಿಸೆಂಬರ್ 31ರಂದು. 1980ರ ಜನವರಿಯಲ್ಲಿ ಡಗ್ಲಸರು ತೀರಿಕೊಂಡರು.