ವಿಶ್ವೇಶ್ವರಯ್ಯ: ನೌಕರನೊಳಗಿನ ಉದ್ಯಮಿ

ಮಾಲೀಕರ ಹಾಗೆ ಯೋಚಿಸಿ ಅಂತ ಈಗ ಕಂಪನಿಗಳು ನೌಕರರಿಗೆ ಹೇಳುತ್ತವೆ. ಆಗೆಲ್ಲ ನನಗೆ ನೆನಪಾಗೋದು ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಎಂ. ವಿಶ್ವೇಶ್ವರಯ್ಯ.

1884ರಲ್ಲಿ ಬಾಂಬೆ ಸರ್ಕಾರದ ಲೋಕೋಪಯೋಗಿ ಇಲಾಖೆ ಸೇರಿದ ಅವರು ಬರೀ ಕಡತ ನೋಡಿಕೊಂಡು ಕೂರಲಿಲ್ಲ. ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯದಲ್ಲಿ ಹೆಚ್ಚು ನೀರು ನಿಲ್ಲಿಸಬೇಕಿತ್ತು. ಕಟ್ಟೆ ಎತ್ತರಿಸುವ ಬದಲು, ನೀರು ಮಿತಿ ಮೀರಿದಾಗ ತಾನಾಗೇ ತೆರೆದುಕೊಳ್ಳುವ ಗೇಟು ರೂಪಿಸಿದರು. 1903ರಲ್ಲಿ ಅದನ್ನು ಅಳವಡಿಸಲಾಯಿತು, ಪೇಟೆಂಟೂ ಸಿಕ್ಕಿತು.

ಇಷ್ಟಾದರೂ ಇಲಾಖೆಯ ಅತ್ಯುನ್ನತ ಹುದ್ದೆ ಭಾರತೀಯರಿಗೆ ದಕ್ಕುವಂತಿರಲಿಲ್ಲ. 1908ರಲ್ಲಿ ಅವರು ಕೆಲಸ ಬಿಟ್ಟರು. ಮರುವರ್ಷ ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್, 1912ರಲ್ಲಿ ದಿವಾನ. ಅಧಿಕಾರ ಸಿಕ್ಕಿದ್ದೇ ತಡ, 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ ಬಂದವು.

ಕತೆಗೆ ಇನ್ನೊಂದು ಮಗ್ಗುಲಿದೆ. ಸರ್ಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪಾಲು ಕೊಡುವ ಪ್ರಶ್ನೆ ಎದ್ದಾಗ, ಅರ್ಹತೆಯೇ ಮುಖ್ಯವೆಂದು ಅದನ್ನು ಒಪ್ಪದೆ 1918ರಲ್ಲಿ ದಿವಾನಗಿರಿ ಬಿಟ್ಟರು. ಬ್ರಿಟಿಷರು ಮುಚ್ಚಿದ ಬಾಗಿಲು ಕಂಡವರಿಗೆ ಜಾತಿ ಮುಚ್ಚಿದ ಬಾಗಿಲು ಕಾಣಲಿಲ್ಲ ಅನ್ನೋದು ನನ್ನ ತಕರಾರು.

ಬುದ್ಧಿ ಬೇಕು, ಮೇಲಿನ ಕುರ್ಚಿ ಕೊಡಲ್ಲ ಅನ್ನುವ ಸಂಸ್ಥೆ ಒಬ್ಬ ವಿಶ್ವೇಶ್ವರಯ್ಯರನ್ನು ಕಳಕೊಳ್ಳುತ್ತೆ. ಒಳಗೇ ಬಿಟ್ಟುಕೊಳ್ಳದ ಸಂಸ್ಥೆಗೆ ಎಷ್ಟು ಜನರನ್ನು ಕಳಕೊಂಡೆ ಅನ್ನೋದೂ ಗೊತ್ತಾಗಲ್ಲ.