ಉಂಗುರ ತೆಗೆಯದ ಕೈ

ನನ್ನ ಖಾಲಾ ಜಯನಗರದ ಒಂದು ಸ್ಕ್ಯಾನಿಂಗ್ ಸೆಂಟರ್‌ನಲ್ಲಿ ಎಕ್ಸ್-ರೇ ಟೆಕ್ನಿಷಿಯನ್. ಕಳೆದ ವರ್ಷ ಅಲ್ಲಿಗೆ ಎದೆಯ ಎಕ್ಸ್-ರೇ ನೋಡಿ ಅನುಮಾನದ ಜಾಗ ಗುರುತಿಸುವ ಎ.ಐ. ಸಾಫ್ಟ್‌ವೇರ್ ಬಂತು. ಅಂದಿನಿಂದ ಮನೆಯಲ್ಲಿ ಅದೇ ಮಾತು. ಅದನ್ನು ಕೇಳುತ್ತಲೇ ನಾನು ಎಕ್ಸ್-ರೇ ಕಂಡುಹಿಡಿದ ರಾಂಟ್ಜನ್ ಬಗ್ಗೆ ಓದಿದೆ.

ವಿಲ್ಹೆಲ್ಮ್ ರಾಂಟ್ಜನ್ 1845ರಲ್ಲಿ ಜರ್ಮನಿಯ ಲೆನೆಪ್ ಊರಿನ ಬಟ್ಟೆ ವ್ಯಾಪಾರಿಯ ಮನೆಯಲ್ಲಿ ಹುಟ್ಟಿದರು. ಹಾಲೆಂಡಿನಲ್ಲಿ ಓದುವಾಗ ಯಾರೋ ಮೇಷ್ಟ್ರ ವ್ಯಂಗ್ಯಚಿತ್ರ ಬರೆದರು. ಬರೆದವನ ಹೆಸರು ಹೇಳಲಿಲ್ಲವೆಂದು ರಾಂಟ್ಜನ್‌ರನ್ನೇ ಶಾಲೆಯಿಂದ ಹೊರಹಾಕಿದರು. (ನಮ್ಮ ಕ್ಲಾಸಿನಲ್ಲಾದರೆ ಎಷ್ಟು ಜನ ಬಾಯಿ ಬಿಡದೆ ಇರುತ್ತೇವೋ!) ಮುಂದೆ ಜ್ಯೂರಿಕ್‌ನಲ್ಲಿ ಎಂಜಿನಿಯರಿಂಗ್ ಓದಿ, ವುರ್ಟ್ಸ್‌ಬರ್ಗ್‌ನಲ್ಲಿ ಭೌತಶಾಸ್ತ್ರದ ಪ್ರೊಫೆಸರ್ ಆದರು.

1895ರ ನವೆಂಬರ್ 8. ಕಪ್ಪು ರಟ್ಟು ಮುಚ್ಚಿದ ಗಾಜಿನ ನಳಿಗೆಯಲ್ಲಿ ವಿದ್ಯುತ್ ಹಾಯಿಸಿದಾಗ, ದೂರದಲ್ಲಿದ್ದ ರಾಸಾಯನಿಕ ಲೇಪದ ಪರದೆ ಮಿನುಗಿತು. ಅವರು ಯಾರಿಗೂ ಹೇಳದೆ ವಾರಗಟ್ಟಲೆ ಪರೀಕ್ಷಿಸಿದರು. ಏನೆಂದು ತಿಳಿಯದ ಕಿರಣ, ಅದಕ್ಕೇ ಎಕ್ಸ್. ಡಿಸೆಂಬರ್ 22ರಂದು ಹೆಂಡತಿ ಬರ್ತಾ ಅವರ ಕೈಯ ಚಿತ್ರ ತೆಗೆದರು. ಮೂಳೆಗಳ ನಡುವೆ ಉಂಗುರವೂ ಕಂಡಿತು. ಪೇಟೆಂಟ್ ಪಡೆಯಲಿಲ್ಲ. 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಬಂದಾಗ ಹಣವನ್ನು ವಿಶ್ವವಿದ್ಯಾಲಯಕ್ಕೇ ಕೊಟ್ಟರು.

ಜಗತ್ತು ಮಾತ್ರ ಅವರಷ್ಟು ತಾಳ್ಮೆ ತೋರಲಿಲ್ಲ. ಕೆಲವೇ ತಿಂಗಳಲ್ಲಿ ಎಲ್ಲೆಡೆ ಎಕ್ಸ್-ರೇ. ಅಪಾಯ ಗೊತ್ತಿಲ್ಲದೆ ಬರಿಗೈಯಲ್ಲಿ ಕೆಲಸ ಮಾಡಿದವರ ಚರ್ಮ ಸುಟ್ಟಿತು, ಬೆರಳು ಹೋಯಿತು. ಎಡಿಸನ್‌ರ ಸಹಾಯಕ ಕ್ಲಾರೆನ್ಸ್ ಡ್ಯಾಲಿ 1904ರಲ್ಲಿ ಸತ್ತೇ ಹೋದರು. ಖಾಲಾ ಇಂದು ಎದೆಗೆ ಹಾಕಿಕೊಳ್ಳುವ, ವಿಕಿರಣ ಅಳೆಯುವ ಬ್ಯಾಡ್ಜ್ ಬಂದದ್ದು ಎಷ್ಟೋ ವರ್ಷಗಳ ಮೇಲೆ.

ಇದನ್ನು ಹೇಳಿದಾಗ ಖಾಲಾ ಬಹಳ ಹೊತ್ತು ಮಾತಾಡಿದರು. ಸಾಫ್ಟ್‌ವೇರ್ ಅವರಿಗೆ ಶತ್ರುವಲ್ಲ. ರಾತ್ರಿ ಡ್ಯೂಟಿಯ ಕೊನೆಯಲ್ಲಿ, ಕಣ್ಣು ಸೋತಾಗ, ಅದು ಒಂದು ಸಣ್ಣ ಕಲೆ ತೋರಿಸಿತ್ತಂತೆ. ಡಾಕ್ಟರ್ ನೋಡಿ ಹೌದೆಂದರು. ಇನ್ನೊಮ್ಮೆ ಒಬ್ಬ ಹುಡುಗನ ಕತ್ತಿನ ತಾಯಿತವನ್ನೇ ಕಾಯಿಲೆ ಎಂದು ಗುರುತಿಸಿತ್ತು. ಟಿ.ಬಿ. ತಪಾಸಣೆಗೆ ಇಂಥ ಸಾಫ್ಟ್‌ವೇರ್ ಬಳಸಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲೇ ಹೇಳಿದೆ ಎಂದೆ. ಅದು ಸರಿ, ತಪ್ಪಾದರೆ ರೋಗಿಯ ಮನೆಯವರು ಯಾರನ್ನು ಕೇಳಬೇಕು ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಕೆಲಸ ಹೋಗುವ ಭಯವೂ ಇದೆ, ಬಾಯಿಬಿಟ್ಟು ಹೇಳುವುದಿಲ್ಲ.

ರಾಂಟ್ಜನ್ 1923ರಲ್ಲಿ ಮ್ಯೂನಿಕ್‌ನಲ್ಲಿ ತೀರಿಕೊಂಡರು. ಬರ್ತಾ ಅವರ ಕೈಯ ಚಿತ್ರವನ್ನು ಮೊಬೈಲ್‌ನಲ್ಲಿ ತೋರಿಸಿದೆ. ಖಾಲಾ ಕನ್ನಡಕ ಏರಿಸಿ ನೋಡಿ, ಮೊದಲು ಉಂಗುರ ತೆಗೆಸಬೇಕಿತ್ತು ಎಂದರು.