ಪಕ್ಷ ವಹಿಸಿದ ಸಂಪಾದಕ: ಬಿ. ಜಿ. ಹಾರ್ನಿಮನ್

ಮುಂಬಯಿಯ ಫೋರ್ಟ್ ವಿಭಾಗದ ಬ್ಯಾಂಕುಗಳಲ್ಲಿ ದುಡಿಯುವ ನಮ್ಮಂಥವರಿಗೆ ಹಾರ್ನಿಮನ್ ಸರ್ಕಲ್ ನಿತ್ಯದ ಹಾದಿ. ಟೌನ್ ಹಾಲಿನ ಎದುರಿನ ಆ ದುಂಡನೆಯ ಉದ್ಯಾನದ ನೆರಳಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದವರು ನಮ್ಮಲ್ಲಿ ಎಷ್ಟೋ ಮಂದಿ. ಆದರೂ ಅದು ಯಾವನೋ ಬ್ರಿಟಿಷ್ ಗವರ್ನರನ ಹೆಸರಿರಬೇಕೆಂದೇ ನಾವು ಬಹುಕಾಲ ತಿಳಿದಿದ್ದೆವು. ನಿಜವೆಂದರೆ, ಗವರ್ನರ್ ಎಲ್ಫಿನ್‌ಸ್ಟನ್‌ರ ಹೆಸರಿನಲ್ಲಿದ್ದ ಆ ವೃತ್ತಕ್ಕೆ ಸ್ವಾತಂತ್ರ್ಯಾನಂತರ ಪತ್ರಕರ್ತರೊಬ್ಬರ ಹೆಸರನ್ನಿಡಲಾಯಿತು. ಬ್ರಿಟಿಷ್ ಸರ್ಕಾರ ಹಡಗು ಹತ್ತಿಸಿ ಭಾರತದಿಂದ ಹೊರದೂಡಿದ್ದ ಇಂಗ್ಲಿಷ್ ಪತ್ರಕರ್ತ ಅವರು.

ಬೆಂಜಮಿನ್ ಗೈ ಹಾರ್ನಿಮನ್ 1873ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಜನಿಸಿದರು. ತಂದೆ ನೌಕಾಪಡೆಯ ಅಧಿಕಾರಿ. ಮಗ ಕತ್ತಿಯ ಬದಲು ಲೇಖನಿ ಹಿಡಿದು, 1894ರಲ್ಲಿ ಪೋರ್ಟ್ಸ್‌ಮತ್ ನಗರದ ಪತ್ರಿಕೆಯೊಂದರಲ್ಲಿ ವೃತ್ತಿಜೀವನ ಆರಂಭಿಸಿದರು. ಮ್ಯಾಂಚೆಸ್ಟರ್ ಗಾರ್ಡಿಯನ್ ಮುಂತಾದ ಪತ್ರಿಕೆಗಳಲ್ಲಿ ಪಳಗಿ, ಕಲ್ಕತ್ತೆಯ ಸ್ಟೇಟ್ಸ್‌ಮನ್ ಪತ್ರಿಕೆಯ ಸುದ್ದಿ ಸಂಪಾದಕರಾಗಿ ಭಾರತಕ್ಕೆ ಬಂದರು. ಅದು ವಂಗಭಂಗದ ವಿರುದ್ಧ ಜನ ಬೀದಿಗಿಳಿದಿದ್ದ ಕಾಲ.

ಅವರನ್ನು ಮುಂಬಯಿಗೆ ಕರೆತಂದವರು ಸರ್ ಫಿರೋಜ್‌ಶಹಾ ಮೆಹ್ತಾ. ಇದರ ಹಿನ್ನೆಲೆಯಲ್ಲಿಯೂ ಪತ್ರಿಕಾ ಪಕ್ಷಪಾತದ ಕಥೆಯೊಂದಿದೆ. 1907ರ ನಗರಸಭಾ ಚುನಾವಣೆಯಲ್ಲಿ ಮೆಹ್ತಾ ಅವರನ್ನು ಸೋಲಿಸಲು ಐರೋಪ್ಯ ಅಧಿಕಾರಿಗಳು ಕೂಟ ಕಟ್ಟಿದಾಗ, ಟೈಮ್ಸ್ ಆಫ್ ಇಂಡಿಯಾದ ಅಂದಿನ ಸಂಪಾದಕ ಲೊವಟ್ ಫ್ರೇಸರ್ ಆ ಕೂಟದಲ್ಲಿದ್ದರು. ನಗರದ ಅತಿ ಪ್ರಬಲ ಪತ್ರಿಕೆಯೇ ಅಧಿಕಾರಸ್ಥರ ಜತೆ ನಿಂತಾಗ ನಗರಿಕರ ಮಾತಿಗೆ ವೇದಿಕೆ ಎಲ್ಲಿ? ಮೆಹ್ತಾ ಕಂಡುಕೊಂಡ ಉತ್ತರವೇ 1913ರಲ್ಲಿ ಹೊರಬಂದ ಬಾಂಬೆ ಕ್ರಾನಿಕಲ್. ಹಾರ್ನಿಮನ್ ಅದರ ಮೊದಲ ಸಂಪಾದಕರಾದರು. 1915ರಲ್ಲಿ ವೃತ್ತಿನಿರತ ಪತ್ರಕರ್ತರನ್ನು ಒಗ್ಗೂಡಿಸಿ ಪ್ರೆಸ್ ಅಸೋಸಿಯೇಷನ್ ಆಫ್ ಇಂಡಿಯಾವನ್ನೂ ಸ್ಥಾಪಿಸಿ, ಪತ್ರಿಕಾ ಕಾಯಿದೆಯ ದುರುಪಯೋಗವನ್ನು ಪ್ರತಿಭಟಿಸಿದರು.

ಆ ವರ್ಷವೇ ಮೆಹ್ತಾ ನಿಧನರಾದರು. ಮಂದಗಾಮಿಗಳಾದ ನಿರ್ದೇಶಕರಿಗೂ ಹೋಮ್‌ರೂಲ್ ಚಳವಳಿಯತ್ತ ವಾಲಿದ ಸಂಪಾದಕರಿಗೂ ತಿಕ್ಕಾಟ ಮೊದಲಾಯಿತು. ಪತ್ರಿಕೆಯ ಧ್ವನಿ ಬಂಡವಾಳ ಹೂಡಿದವರದೋ, ಬರೆಯುವವರದೋ, ಓದುವವರದೋ ಎಂಬುದೇ ಪ್ರಶ್ನೆ. ಕೊನೆಗೆ ಬದಲಾದದ್ದು ಸಂಪಾದಕರಲ್ಲ, ನಿರ್ದೇಶಕ ಮಂಡಲಿ. ಹೊಸ ಮಂಡಲಿಗೆ ಮಹಮ್ಮದಾಲಿ ಜಿನ್ನಾ ಅಧ್ಯಕ್ಷರಾದರು.

ಇಲ್ಲಿ ನಾವು ಒಂದು ಮಾತನ್ನು ಮುಚ್ಚಿಡಬಾರದು. ಹಾರ್ನಿಮನ್ ತಟಸ್ಥರಾಗಿರಲಿಲ್ಲ. ಆನಿ ಬೆಸೆಂಟರ ಹೋಮ್‌ರೂಲ್ ಲೀಗಿನಲ್ಲಿಯೂ, 1919ರಲ್ಲಿ ಗಾಂಧೀಜಿ ರೌಲಟ್ ಕಾಯಿದೆಯ ವಿರುದ್ಧ ಕಟ್ಟಿದ ಸತ್ಯಾಗ್ರಹ ಸಭೆಯಲ್ಲಿಯೂ ಅವರು ಉಪಾಧ್ಯಕ್ಷರು. ಬೆಳಗ್ಗೆ ಸಂಪಾದಕೀಯ ಬರೆದ ಕೈಯೇ ಸಂಜೆ ಸಭೆಯಲ್ಲಿ ಜನರನ್ನು ಹುರಿದುಂಬಿಸುತ್ತಿತ್ತು. ಚಳವಳಿಯ ಪದಾಧಿಕಾರಿ ಅದೇ ಚಳವಳಿಯ ಸುದ್ದಿಯನ್ನು ನಿಷ್ಪಕ್ಷವಾಗಿ ತೂಗಬಲ್ಲನೇ ಎಂಬ ಸಂದೇಹ ಅಂದೂ ನ್ಯಾಯವಾದದ್ದು, ಇಂದೂ ನ್ಯಾಯವಾದದ್ದು.

ಸರ್ಕಾರ ಹಿಡಿದದ್ದು ಇದೇ ಎಳೆಯನ್ನು. 1919ರ ಏಪ್ರಿಲ್ 26ರಂದು ಡಿಫೆನ್ಸ್ ಆಫ್ ಇಂಡಿಯಾ ನಿಯಮಗಳನ್ವಯ ಅವರನ್ನು ಇಂಗ್ಲೆಂಡಿಗೆ ಗಡಿಪಾರು ಮಾಡಲಾಯಿತು. ದೆಹಲಿಯ ಬೀದಿಗಳಲ್ಲಿ ಸೈನಿಕರು ಮೃದುಮೂತಿಯ ಗುಂಡುಗಳನ್ನು ಬಳಸಿದರೆಂದು ಪತ್ರಿಕೆ ಆರೋಪಿಸಿತು, ಆ ಪ್ರತಿಗಳನ್ನು ಬ್ರಿಟಿಷ್ ಸೈನಿಕರಿಗೆ ಪುಕ್ಕಟೆ ಹಂಚಿ ಅವಿಧೇಯತೆ ಬಿತ್ತಲೆತ್ನಿಸಲಾಯಿತು ಎಂದು ಭಾರತ ಮಂತ್ರಿ ಮಾಂಟೆಗ್ಯು ಪಾರ್ಲಿಮೆಂಟಿನಲ್ಲಿ ಸಮರ್ಥನೆ ನೀಡಿದರು. ಆರೋಪ ಗುರುತರವಾದದ್ದೇ. ಆದರೆ ಅದನ್ನು ನ್ಯಾಯಾಲಯದ ಮುಂದಿಟ್ಟು ಸಾಬೀತುಪಡಿಸಲಿಲ್ಲ. ಸಾಕ್ಷಿಯಿಲ್ಲ, ವಿಚಾರಣೆಯಿಲ್ಲ, ಆಜ್ಞೆಯೊಂದೇ ಸಾಕಾಯಿತು. ವೋಚರಿಲ್ಲದೆ ಲೆಡ್ಜರಿನಲ್ಲಿ ನಮೂದು ಮಾಡಬಾರದೆಂದು ಕಲಿತ ನಮಗೆ ಈ ಅನ್ಯಾಯ ಸುಲಭವಾಗಿ ಅರ್ಥವಾಗುತ್ತದೆ.

ಕ್ರಾನಿಕಲ್ ಕೆಲವು ಕಾಲ ನಿಂತುಹೋಯಿತು. ಗಾಂಧೀಜಿಯವರ ಕರೆಯಂತೆ ಮೇ 11ರಂದು ಮುಂಬಯಿ ಶಾಂತವಾಗಿ ಹರತಾಳ ಆಚರಿಸಿತು. ದೈನಿಕ ನಿಂತ ಕೊರತೆಯನ್ನು ತುಂಬಲೆಂದೇ ಯಂಗ್ ಇಂಡಿಯಾ ಪತ್ರಿಕೆಯ ಹೊಣೆ ಗಾಂಧೀಜಿಯವರ ಕೈಗೆ ಬಂದಿತು. ಒಬ್ಬ ಸಂಪಾದಕರನ್ನು ಕಳುಹಿಸಿ ಸರ್ಕಾರ ಅವರಿಗಿಂತ ದೊಡ್ಡ ಸಂಪಾದಕರನ್ನು ಪಡೆಯಿತು!

ಹಾರ್ನಿಮನ್ ಲಂಡನ್ನಿನಲ್ಲಿ ಸುಮ್ಮನೆ ಕುಳಿತುಕೊಳ್ಳಲಿಲ್ಲ. ಜಲಿಯನ್‌ವಾಲಾ ಬಾಗಿನ ಹತ್ಯಾಕಾಂಡ ಹಾಗೂ ಪಂಜಾಬಿನ ಸೈನಿಕ ಶಾಸನದ ವೃತ್ತಾಂತವನ್ನು ಬ್ರಿಟಿಷ್ ಓದುಗರ ಮುಂದಿಟ್ಟು, 1920ರಲ್ಲಿ ಗ್ರಂಥವನ್ನೂ ಪ್ರಕಟಿಸಿದರು. ಪಂಜಾಬಿನ ಸುದ್ದಿ ಕಳುಹಿಸಿದ ಕ್ರಾನಿಕಲ್‌ನ ಬಾತ್ಮೀದಾರ ಗೋವರ್ಧನ ದಾಸರಿಗೆ 3 ವರ್ಷಗಳ ಸೆರೆಯಾಯಿತು. ಸುದ್ದಿಯ ಬೆಲೆಯನ್ನು ಸಂಪಾದಕರಷ್ಟೇ ತೆರುವುದಿಲ್ಲ ಎಂಬುದನ್ನು ಮರೆಯಲಾಗದು.

ಇದೇ ಅವಧಿಯಲ್ಲಿ ಕ್ರಾನಿಕಲ್‌ನ ಇತಿಹಾಸದಲ್ಲಿ ಕನ್ನಡನಾಡೂ ಸೇರಿಕೊಂಡಿತು. 1920ರಿಂದ ಮಾರ್ಮಡ್ಯೂಕ್ ಪಿಕ್ಥಾಲ್ ಸಂಪಾದಕರಾಗಿದ್ದರು. 1921ರ ಜುಲೈ 1ರಂದು ಧಾರವಾಡದಲ್ಲಿ ನಡೆದ ಗೋಲೀಬಾರಿನ ಕುರಿತ ಬರಹಗಳಿಗಾಗಿ ಪತ್ರಿಕೆ ಮಾನನಷ್ಟ ಮೊಕದ್ದಮೆಯಲ್ಲಿ ಸೋತು ಭಾರಿ ಮೊತ್ತ ತೆರಬೇಕಾಯಿತು. 1924ರಲ್ಲಿ ಪಿಕ್ಥಾಲ್ ನಿರ್ಗಮಿಸಿದರು. ಸದುದ್ದೇಶವೊಂದೇ ಸಾಲದು, ಬರೆದ ಪ್ರತಿ ಸಾಲಿಗೂ ಆಧಾರ ಬೇಕೆಂಬುದು ಆ ಪ್ರಸಂಗದ ಪಾಠ.

ಪಾಸ್‌ಪೋರ್ಟ್ ನಿರಾಕರಿಸಲ್ಪಟ್ಟ ಹಾರ್ನಿಮನ್ 1926ರ ಜನವರಿಯಲ್ಲಿ ಸಿಂಹಳದ ಮಾರ್ಗವಾಗಿ ಭಾರತಕ್ಕೆ ಮರಳಿದರು. ಮತ್ತೆ ಕ್ರಾನಿಕಲ್ ನಡೆಸಿದರು; ಬಳಿಕ ಇಂಡಿಯನ್ ನ್ಯಾಷನಲ್ ಹೆರಾಲ್ಡ್ ಸ್ಥಾಪಿಸಿದರು. 1933ರಿಂದ 12 ವರ್ಷ ಬಾಂಬೆ ಸೆಂಟಿನೆಲ್ ಸಂಜೆ ಪತ್ರಿಕೆಯನ್ನು ಸಂಪಾದಿಸಿದರು. 1941ರಲ್ಲಿ ಆರಂಭವಾದ ಬ್ಲಿಟ್ಜ್ ವಾರಪತ್ರಿಕೆಗೆ ರೂಸಿ ಕರಂಜಿಯಾ ಹಾಗೂ ದಿನಕರ ನಾಡಕರ್ಣಿಯವರೊಡನೆ ಕೈಜೋಡಿಸಿದರು. ಸ್ವತಂತ್ರ ಭಾರತವನ್ನು ಕಣ್ಣಾರೆ ಕಂಡು 1948ರಲ್ಲಿ ತೀರಿಕೊಂಡರು.

ಪತ್ರಿಕೆಗೆ ಒಲವು ಇರಕೂಡದೆಂದು ಹೇಳುವುದು ಸುಲಭ. ಆದರೆ ಅಧಿಕಾರದ ಪಕ್ಕದಲ್ಲಿ ನಿಂತು ನಿಷ್ಪಕ್ಷತೆಯ ಮುಖವಾಡ ಧರಿಸಿದವರಿಗೂ, ತನ್ನ ಪಕ್ಷವನ್ನು ಬಹಿರಂಗವಾಗಿ ಸಾರಿ ಅದರ ಬೆಲೆಯನ್ನು ತಾನೇ ತೆತ್ತವರಿಗೂ ಅಂತರವಿದೆ. ಹಾರ್ನಿಮನ್ ಎರಡನೆಯ ವರ್ಗದವರು. ಅವರ ಒಲವು ಓದುಗನಿಗೆ ತಿಳಿದಿತ್ತು. ತೂಗಿ ನೋಡುವ ಸ್ವಾತಂತ್ರ್ಯ ಓದುಗನಿಗೇ ಉಳಿದಿತ್ತು. ಬೆಳಗಿನ ಕಾಫಿಯೊಡನೆ ಪತ್ರಿಕೆ ಬಿಡಿಸುವ ನಾವು, ಈ ಪತ್ರಿಕೆ ಯಾರ ಪಕ್ಕದಲ್ಲಿ ನಿಂತಿದೆ, ಅದನ್ನು ಒಪ್ಪಿಕೊಳ್ಳುತ್ತಿದೆಯೇ ಎಂಬ 2 ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಮುಂದಿನ ಸಲ ಮಕ್ಕಳೊಡನೆ ಹಾರ್ನಿಮನ್ ಸರ್ಕಲ್ ದಾಟುವಾಗ, ಆ ಹೆಸರು ಯಾರದೆಂದು ಅವರಿಗೆ ಹೇಳೋಣ.